ಮೊದಲು ಅಂದಾಜು, ಆಮೇಲೆ ಕ್ಯಾಲ್ಕ್ಯುಲೇಟರ್



ಮಕ್ಕಳ ಕೈಗೆ ಕ್ಯಾಲ್ಕ್ಯುಲೇಟರ್ ಕೊಡಬಹುದೇ? ಬಳ್ಳಾರಿಯಲ್ಲಿ ಭೇಟಿಯಾಗುವ ಹಳೆಯ ವಿದ್ಯಾರ್ಥಿಗಳು ಆಗಾಗ ಈ ಪ್ರಶ್ನೆ ಕೇಳುತ್ತಾರೆ. “ಸರ್, ನೀವಂತೂ ಕಸಿದುಕೊಳ್ಳುತ್ತಿದ್ದಿರಿ” ಎಂದು ನಗುತ್ತಾರೆ. ಅದು ನಿಜ. ಆದರೆ ಇಂದು ನನ್ನ ಅಭಿಪ್ರಾಯ ಬೇರೆ.

1975ರಲ್ಲಿ ನಾನು ಕುರುಗೋಡಿನಲ್ಲಿ ಪ್ರೌಢಶಾಲಾ ವಿದ್ಯಾರ್ಥಿ. ಏಪ್ರಿಲ್ 19ರಂದು, ಬೆಂಗಳೂರಿನ ಪೀಣ್ಯದಲ್ಲಿ ನಿರ್ಮಾಣಗೊಂಡ ‘ಆರ್ಯಭಟ’ ಉಪಗ್ರಹ ಸೋವಿಯತ್ ನೆಲದಿಂದ ಗಗನಕ್ಕೇರಿತು. ಜುಲೈ 17ರಂದು ಅಮೆರಿಕದ ಅಪೋಲೊ ನೌಕೆಯೂ ರಷ್ಯನ್ನರ ಸೋಯುಜ್ ನೌಕೆಯೂ ಬಾಹ್ಯಾಕಾಶದಲ್ಲಿ ಕೂಡಿಕೊಂಡವು. ಅಪೋಲೊ ಯಾತ್ರಿಗಳ ಬಳಿ ಹ್ಯೂಲೆಟ್-ಪ್ಯಾಕರ್ಡ್ ಕಂಪನಿಯ ಎಚ್‌ಪಿ-65 ಎಂಬ ಕ್ಯಾಲ್ಕ್ಯುಲೇಟರ್ ಇತ್ತು. ಹಿಂದಿನ ವರ್ಷವಷ್ಟೇ ಮಾರುಕಟ್ಟೆಗೆ ಬಂದಿದ್ದ, ಅಂಗೈಯಲ್ಲಿ ಹಿಡಿಸುವ ಆ ಯಂತ್ರಕ್ಕೆ ಪುಟ್ಟ ಕಾಂತೀಯ ಕಾರ್ಡುಗಳ ಮೂಲಕ ಲೆಕ್ಕದ ಕ್ರಮವನ್ನು ತುಂಬಬಹುದಾಗಿತ್ತು. ನೌಕೆಯ ಕಂಪ್ಯೂಟರ್ ಕೈಕೊಟ್ಟರೆ ಪಥ ತಿದ್ದುವ ಲೆಕ್ಕಕ್ಕೆ ಅದೇ ಆಸರೆ. ಎಟಿಎಸ್-6 ಉಪಗ್ರಹದತ್ತ ಆಂಟೆನಾ ತಿರುಗಿಸುವ ಲೆಕ್ಕಕ್ಕೂ ಅದು ನೆರವಾಯಿತು. ಅದೇ ಉಪಗ್ರಹವು ಆಗಸ್ಟ್ 1ರಿಂದ ಒಂದು ವರ್ಷ, ತುಂಗಭದ್ರೆಯಾಚೆಯ ರಾಯಚೂರು ಜಿಲ್ಲೆಯ ಆಯ್ದ ಹಳ್ಳಿಗಳಿಗೂ ದೂರದರ್ಶನ ಕಾರ್ಯಕ್ರಮಗಳನ್ನು ತಲುಪಿಸಿತು.

ಕಂಪ್ಯೂಟರ್ ಇದ್ದ ನೌಕೆಯಲ್ಲೂ ಎರಡನೆಯ ಲೆಕ್ಕಕ್ಕೆ ಏರ್ಪಾಡಿತ್ತು ಎಂಬುದನ್ನು ಗಮನಿಸಿ.

1998ರಲ್ಲಿ ಸಿರುಗುಪ್ಪದಲ್ಲಿ ಪಾಠ ಮಾಡುತ್ತಿದ್ದಾಗ ಒಬ್ಬ ಹುಡುಗನ ಕ್ಯಾಲ್ಕ್ಯುಲೇಟರನ್ನು ಕಸಿದು ನನ್ನ ಮೇಜಿನಲ್ಲಿಟ್ಟಿದ್ದೆ. ಅದೇ ವಾರ ಅವನ ತಂದೆ ಭತ್ತ ಮಾರಿದರು. ತೂಕ 40 ಕ್ವಿಂಟಲ್ 60 ಕಿಲೋ, ದರ ಕ್ವಿಂಟಲಿಗೆ 460 ರೂಪಾಯಿ. ಚೀಟಿಯಲ್ಲಿ ಬರೆದಿದ್ದ ಮೊತ್ತ 16,876. “40 ಕ್ವಿಂಟಲಿಗೇ 18,400 ಆಗಬೇಕಲ್ಲ?” ಎಂದು ಹುಡುಗ ಅಲ್ಲೇ ಕೇಳಿದನಂತೆ. ಮತ್ತೆ ಗುಣಿಸಿದಾಗ 18,676 ಬಂತು. ಬರೆಯುವಾಗ ಅಂಕಿಗಳು ಅದಲುಬದಲಾಗಿದ್ದವು. ಆ 1,800 ರೂಪಾಯಿ ಆ ಮನೆಗೆ ಸಣ್ಣ ಮೊತ್ತವಾಗಿರಲಿಲ್ಲ. ಮರುದಿನವೇ ಅವನ ಯಂತ್ರವನ್ನು ಹಿಂದಿರುಗಿಸಿದೆ. ಅಂದಾಜು ಬಲ್ಲವನ ಕೈಯಲ್ಲಿ ಯಂತ್ರವಿದ್ದರೆ ಯಾವ ಅಪಾಯವೂ ಇಲ್ಲ ಎಂಬುದು ನನಗೆ ಅರ್ಥವಾಗಲು ಅಷ್ಟು ಕಾಲ ಬೇಕಾಯಿತು.

ಇಂದು ಮಕ್ಕಳ ಮೊಬೈಲಿನಲ್ಲೇ ಕ್ಯಾಲ್ಕ್ಯುಲೇಟರ್ ಇದೆ, ನಿಷೇಧದಿಂದ ಫಲವಿಲ್ಲ. ನನ್ನ ಸಲಹೆ ಇಷ್ಟೇ: ಯಂತ್ರವನ್ನು ಮುಟ್ಟುವ ಮೊದಲು ಅಂದಾಜು ಉತ್ತರವನ್ನು ಬರೆಯಿಸಿ. ಪರೀಕ್ಷೆಯಲ್ಲಿ ಆ ಅಂದಾಜಿಗೂ ಒಂದು ಅಂಕ ಕೊಡಿ. ಎರಡೂ ಉತ್ತರಗಳು ದೂರವಾದರೆ ಮತ್ತೆ ಲೆಕ್ಕ ಮಾಡಲಿ.

ನಿಮ್ಮಲ್ಲಿ ಅನೇಕರು ಈಗ ಶಿಕ್ಷಕರಾಗಿದ್ದೀರಿ. ನಾಳೆಯ ತರಗತಿಯಲ್ಲೇ ಪ್ರಯತ್ನಿಸಿ, ಫಲವೇನೆಂದು ನನಗೆ ತಿಳಿಸಿ.