ಅಂತರಜಾಲದ ವೇಗವೂ ಅದರ ಅಳತೆಯೂ

ಸಂತೆಗೆ ಹೋಗುವವನಿಗೆ ಕೈಯಲ್ಲಿ ಹಣವಿರುವುದು ಎಷ್ಟು ಮುಖ್ಯವೋ ಅಳತೆಯ ತಿಳಿವಳಿಕೆ ಇರುವುದೂ ಅಷ್ಟೇ ಮುಖ್ಯ. ಹಿಂದೆ ಕನ್ನಡ ನಾಡಿನಲ್ಲಿ ಧಾನ್ಯವನ್ನು ಪಾವು, ಸೇರು, ಬಳ್ಳ, ಕೊಳಗಗಳಲ್ಲಿ ಅಳೆಯುತ್ತಿದ್ದರು. ಒಂದು ಸೀಮೆಯ ಸೇರು ಇನ್ನೊಂದು ಸೀಮೆಯ ಸೇರಿಗೆ ಸಮನಾಗಿರಲಿಲ್ಲ. ಊರು ಬಿಟ್ಟು ಊರಿಗೆ ಧಾನ್ಯ ಒಯ್ದ ರೈತ ದೊಡ್ಡ ಸೇರಿನಲ್ಲಿ ಅಳೆದುಕೊಟ್ಟು, ಸಣ್ಣ ಸೇರಿನ ಲೆಕ್ಕದಲ್ಲಿ ಹಣ ಪಡೆಯುವ ಅಪಾಯವಿತ್ತು. 1956ರಲ್ಲಿ ಭಾರತದ ಸಂಸತ್ತು ತೂಕ ಮತ್ತು ಅಳತೆಗಳ ಕಾಯಿದೆಯನ್ನು ಅಂಗೀಕರಿಸಿ, ಮೆಟ್ರಿಕ್ ಪದ್ಧತಿಯನ್ನು ದೇಶಕ್ಕೆಲ್ಲ ಒಂದೇ ಅಳತೆಯಾಗಿ ಗೊತ್ತುಮಾಡಿತು. ಕಿಲೋಗ್ರಾಮ್, ಲೀಟರುಗಳು ಶಾಲೆಯ ಗಣಿತ ಪುಸ್ತಕವನ್ನು ಸೇರಿದವು. ಅಳತೆ ಎಲ್ಲರಿಗೂ ತಿಳಿದ ಮೇಲೆ ಮೋಸಕ್ಕೆ ಇದ್ದ ಅವಕಾಶ ಕುಗ್ಗಿತು.

ಇಂದು ತಿಂಗಳು ತಿಂಗಳೂ ಹಣ ತೆತ್ತು ಕೊಳ್ಳುವ ಹೊಸದೊಂದು ಸರಕು ಮನೆಗಳನ್ನು ಸೇರಿದೆ. ಅದು ಅಂತರಜಾಲದ ಸಂಪರ್ಕ. ಅಕ್ಕಿಯನ್ನು ತಕ್ಕಡಿಯ ಮುಳ್ಳು ನೋಡಿ ಕೊಳ್ಳುವ ಗೃಹಸ್ಥನೇ ಈ ಸರಕನ್ನು ಜಾಹೀರಾತಿನಲ್ಲಿ ಕಂಡ ದೊಡ್ಡ ಅಂಕಿಯೊಂದನ್ನು ನಂಬಿ ಕೊಂಡುಬಿಡುತ್ತಾನೆ. ಆ ಅಂಕಿಯ ಅರ್ಥವನ್ನು ತಿಳಿಯುವುದು ತಂತ್ರಜ್ಞರ ಕೆಲಸವೆಂದು ಸುಮ್ಮನಿರುವುದು ತರವಲ್ಲ. ಅದು ಸೇರು-ಕಿಲೋಗಳ ಲೆಕ್ಕದಂತೆ ಪ್ರತಿಯೊಬ್ಬ ಪ್ರಜೆಗೂ ತಿಳಿದಿರಬೇಕಾದ ಸಾಮಾನ್ಯ ವಿದ್ಯೆ.

ಭಾರತದಲ್ಲಿ ಸಾರ್ವಜನಿಕರಿಗೆ ಅಂತರಜಾಲದ ಬಾಗಿಲು ತೆರೆದದ್ದು 1995ರ ಆಗಸ್ಟ್ 15ರಂದು, ವಿದೇಶ್ ಸಂಚಾರ್ ನಿಗಮದ ಮೂಲಕ. ಆಗ ಮನೆಗೆ ಅಂತರಜಾಲ ಬರಲು ಇದ್ದ ಸಾಮಾನ್ಯ ದಾರಿ ದೂರವಾಣಿಯ ತಾಮ್ರದ ತಂತಿಯೊಂದೇ. ಗಣಕಯಂತ್ರಕ್ಕೂ ಆ ತಂತಿಗೂ ನಡುವೆ ಮೋಡೆಮ್ ಎಂಬ ಉಪಕರಣ ಇರುತ್ತಿತ್ತು. ಮನುಷ್ಯನು ಮಾಡುವಂತೆಯೇ ಅದು ಸೇವಾಸಂಸ್ಥೆಯ ದೂರವಾಣಿ ಸಂಖ್ಯೆಗೆ ಕರೆ ಮಾಡುತ್ತಿತ್ತು. ಆದ್ದರಿಂದಲೇ ಈ ವಿಧಾನಕ್ಕೆ ಡಯಲ್-ಅಪ್ ಎಂಬ ಹೆಸರು. ಗಣಕದ ಸಂಕೇತಗಳನ್ನು ಅದು ನಾದವಾಗಿ ಮಾರ್ಪಡಿಸಿ ತಂತಿಗೆ ಒಪ್ಪಿಸುತ್ತಿತ್ತು. ಆಚೆಯಿಂದ ಬಂದ ನಾದವನ್ನು ಮರಳಿ ಸಂಕೇತವಾಗಿಸುತ್ತಿತ್ತು. ಸಂಪರ್ಕ ಕೂಡುವ ಮೊದಲು ಕೇಳಿಬರುತ್ತಿದ್ದ ಆ ಕರ್ಕಶ ಧ್ವನಿ ಎರಡು ಮೋಡೆಮ್‌ಗಳು ಪರಸ್ಪರ ನಡೆಸುತ್ತಿದ್ದ ಒಪ್ಪಂದದ ಮಾತುಕತೆಯೇ ಆಗಿತ್ತು. ಅಂತರಜಾಲ ನಡೆಯುತ್ತಿರುವಷ್ಟು ಹೊತ್ತು ಮನೆಯ ದೂರವಾಣಿ ಮಾತಿಗೆ ಒದಗುತ್ತಿರಲಿಲ್ಲ. ಕರೆಯ ಶುಲ್ಕವೂ ನಿಮಿಷಗಳೊಡನೆ ಏರುತ್ತಿತ್ತು.

ಈ ದಾರಿಗೆ ಒಂದು ಮಿತಿಯಿತ್ತು. ಮಾತು ಅರ್ಥವಾಗಲು ಸುಮಾರು 300ರಿಂದ 3,400 ಹರ್ಟ್ಸ್‌ವರೆಗಿನ ಕಂಪನಗಳು ಸಾಕೆಂದು ಎಣಿಸಿ ದೂರವಾಣಿ ವ್ಯವಸ್ಥೆಯನ್ನು ಕಟ್ಟಿದ್ದರು. ವಿನಿಮಯ ಕೇಂದ್ರವು ಆ ಧ್ವನಿಯನ್ನು ಸೆಕೆಂಡಿಗೆ 8,000 ಬಾರಿ ಅಳೆದು, ಪ್ರತಿ ಅಳತೆಯನ್ನೂ 8 ಬಿಟ್‌ಗಳಲ್ಲಿ ಬರೆದುಕೊಳ್ಳುತ್ತದೆ. ಹೀಗೆ ಒಂದು ಕರೆಗೆ ದೊರೆಯುವುದು ಸೆಕೆಂಡಿಗೆ 64,000 ಬಿಟ್‌ಗಳು ಮಾತ್ರ. 1998ರ ಹೊತ್ತಿಗೆ ಮೋಡೆಮ್ ಸೆಕೆಂಡಿಗೆ 56,000 ಬಿಟ್‌ಗಳ, ಅಂದರೆ 56 ಕಿಲೋಬಿಟ್‌ಗಳ ಮಟ್ಟವನ್ನು ಮುಟ್ಟಿತು. ಮಾತಿಗೆಂದು ಹಾಕಿದ ದಾರಿಯಲ್ಲಿ ಅದಕ್ಕಿಂತ ಮುಂದೆ ಹೋಗಲು ಎಡೆಯಿರಲಿಲ್ಲ.

ಇಲ್ಲಿ ಬಿಟ್ ಎಂದರೇನೆಂಬುದನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಸೊನ್ನೆ ಅಥವಾ ಒಂದು, ಇಷ್ಟನ್ನೇ ಹೇಳಬಲ್ಲ ಅತ್ಯಂತ ಕಿರಿದಾದ ಮಾಹಿತಿಯೇ ಬಿಟ್. ಎಂಟು ಬಿಟ್‌ಗಳು ಸೇರಿದರೆ ಒಂದು ಬೈಟ್. ಸಂಪರ್ಕದ ವೇಗವನ್ನು ಹೇಳುವಾಗ ಬಿಟ್‌ಗಳ ಲೆಕ್ಕ. ಕಡತದ ಗಾತ್ರವನ್ನು ಹೇಳುವಾಗ ಬೈಟ್‌ಗಳ ಲೆಕ್ಕ. ಈ ಎರಡರ ವ್ಯತ್ಯಾಸವನ್ನು ಅರಿಯದವನು ಸೆಕೆಂಡಿಗೆ 100 ಮೆಗಾಬಿಟ್ ಎಂಬ ಮಾತನ್ನು 100 ಮೆಗಾಬೈಟ್ ಎಂದು ಭಾವಿಸಿ, ದೊರೆಯುವುದನ್ನು ಎಂಟು ಪಟ್ಟು ಹಿಗ್ಗಿಸಿಕೊಳ್ಳುತ್ತಾನೆ. ನಿಜವಾಗಿ ಅಲ್ಲಿ ದೊರೆಯುವುದು ಹೆಚ್ಚೆಂದರೆ ಸೆಕೆಂಡಿಗೆ 12.5 ಮೆಗಾಬೈಟ್.

ಒಂದು ಹಾಡಿನ ಕಡತ 4 ಮೆಗಾಬೈಟ್ ಇದೆಯೆನ್ನೋಣ. ಅದು 40 ಲಕ್ಷ ಬೈಟ್, ಅಂದರೆ 3 ಕೋಟಿ 20 ಲಕ್ಷ ಬಿಟ್. 56 ಕಿಲೋಬಿಟ್‌ನ ಡಯಲ್-ಅಪ್‌ನಲ್ಲಿ, ಯಾವ ಅಡಚಣೆಯೂ ಇಲ್ಲದಿದ್ದರೂ, ಅದು ಬಂದು ಸೇರಲು ಸುಮಾರು ಒಂಬತ್ತೂವರೆ ನಿಮಿಷ ಬೇಕು. 256 ಕಿಲೋಬಿಟ್‌ನ ಸಂಪರ್ಕದಲ್ಲಿ 125 ಸೆಕೆಂಡು ಸಾಕು. 100 ಮೆಗಾಬಿಟ್‌ನ ಸಂಪರ್ಕದಲ್ಲಿ ಸೆಕೆಂಡಿನ ಮೂರರಲ್ಲಿ ಒಂದು ಭಾಗದೊಳಗೆ ಕೆಲಸ ಮುಗಿಯುತ್ತದೆ. ಇದು ಒಂಬತ್ತನೆಯ ತರಗತಿಯ ವಿದ್ಯಾರ್ಥಿ ಮಾಡಬಲ್ಲ ಭಾಗಾಕಾರವೇ ಹೊರತು ಬೇರೇನೂ ಅಲ್ಲ.

ಡಯಲ್-ಅಪ್‌ನಿಂದ ಮುಂದಿನ ಹೆಜ್ಜೆಗೆ ಹೊಸ ತಂತಿಯೇ ಬೇಕಾಗಲಿಲ್ಲ ಎಂಬುದು ಸ್ವಾರಸ್ಯದ ಸಂಗತಿ. ಅದೇ ತಾಮ್ರದ ತಂತಿ ಮಾತಿಗೆ ಬೇಕಾದುದಕ್ಕಿಂತ ಬಹಳ ಮೇಲಿನ ಕಂಪನಗಳನ್ನೂ ಸಾಗಿಸಬಲ್ಲುದು. ಎಡಿಎಸ್‌ಎಲ್ ಎಂಬ ತಂತ್ರವು ಮಾತನ್ನು ಕೆಳಗಿನ ಅಂತಸ್ತಿನಲ್ಲಿ ಬಿಟ್ಟು, ಸುಮಾರು 25ರಿಂದ 1,100 ಕಿಲೋಹರ್ಟ್ಸ್‌ವರೆಗಿನ ಮೇಲಂತಸ್ತನ್ನು ಅಂತರಜಾಲಕ್ಕೆ ಬಳಸಿಕೊಂಡಿತು. ಹೀಗೆ ಮಾತೂ ಅಂತರಜಾಲವೂ ಒಂದೇ ತಂತಿಯಲ್ಲಿ ಒಂದನ್ನೊಂದು ಕೆಡಿಸದೆ ಸಾಗಿದವು. 2005ರಲ್ಲಿ ಭಾರತ ಸಂಚಾರ ನಿಗಮವು ಈ ಬಗೆಯ ಸೇವೆಯನ್ನು ಆರಂಭಿಸಿದ ಮೇಲೆ ಅನೇಕ ಮನೆಗಳಲ್ಲಿ ಮೋಡೆಮ್‌ನ ಕರ್ಕಶ ಧ್ವನಿ ನಿಂತಿತು.

ತಾಮ್ರದ ಬಳಿಕ ಗಾಜಿನ ಎಳೆ ಬಂದಿತು. ಪಂಜಾಬಿನ ಮೋಗಾದಲ್ಲಿ ಜನಿಸಿದ ನರಿಂದರ್ ಸಿಂಗ್ ಕಪಾನಿಯವರು ಲಂಡನ್ನಿನಲ್ಲಿ ಹೆರಾಲ್ಡ್ ಹಾಪ್‌ಕಿನ್ಸ್ ಅವರೊಡನೆ ದುಡಿದು, ಗಾಜಿನೆಳೆಗಳ ಕಟ್ಟಿನ ಮೂಲಕ ಚಿತ್ರವನ್ನು ಸಾಗಿಸಬಹುದೆಂಬುದನ್ನು 1954ರಲ್ಲಿ ಪ್ರಕಟಪಡಿಸಿದರು. ಗಾಜು ಸಾಕಷ್ಟು ಶುದ್ಧವಾಗಿದ್ದರೆ ಬೆಳಕಿನ ಸಂಕೇತ ಬಹುದೂರ ಹೋಗಬಲ್ಲುದೆಂದು 1966ರಲ್ಲಿ ತೋರಿಸಿಕೊಟ್ಟ ಚಾರ್ಲ್ಸ್ ಕಾವೊ ಅವರಿಗೆ 2009ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಕೂದಲಿನಷ್ಟು ತೆಳುವಾದ ಎಳೆಯೊಳಗೆ ಬೆಳಕು ಗೋಡೆಯಿಂದ ಗೋಡೆಗೆ ಪ್ರತಿಫಲಿಸುತ್ತ ಸಾಗುವುದೇ ಇಂದಿನ ವೇಗದ ಅಂತರಜಾಲಕ್ಕೆ ಆಧಾರ.

ಹಾಗಾದರೆ ಗಾಜಿನಲ್ಲಿ ಸಂಕೇತವು ತಾಮ್ರಕ್ಕಿಂತ ಬಹಳ ಬೇಗ ಓಡುತ್ತದೆಯೆ? ಇಲ್ಲ. ಎರಡರಲ್ಲಿಯೂ ಅದರ ಓಟ ಹೆಚ್ಚುಕಡಿಮೆ ಒಂದೇ. ಶೂನ್ಯದಲ್ಲಿ ಬೆಳಕಿನ ವೇಗದ ಮೂರರಲ್ಲಿ ಎರಡು ಭಾಗದಷ್ಟು. ವ್ಯತ್ಯಾಸವಿರುವುದು ಹರಿವಿನ ಪ್ರಮಾಣದಲ್ಲಿ. ಕೆರೆಯ ತೂಬಿನಿಂದ ಹೊರಡುವ ಎರಡು ಕಾಲುವೆಗಳನ್ನು ಊಹಿಸಿಕೊಳ್ಳಬಹುದು. ಎರಡರಲ್ಲಿಯೂ ನೀರು ಒಂದೇ ರಭಸದಿಂದ ಹರಿದರೂ ಅಗಲವಾದ ಕಾಲುವೆ ಗದ್ದೆಯನ್ನು ಬೇಗ ತುಂಬುತ್ತದೆ. ‘ವೇಗ’ ಎಂದು ಮಾರಾಟವಾಗುವ ಅಂಕಿ ವಾಸ್ತವವಾಗಿ ಕಾಲುವೆಯ ಅಗಲ. ತೂಬು ತೆರೆದ ಮೇಲೆ ಮೊದಲ ನೀರು ಗದ್ದೆಯನ್ನು ಮುಟ್ಟಲು ಹಿಡಿಯುವ ಕಾಲ ಬೇರೆ. ಅದಕ್ಕೆ ವಿಳಂಬವೆಂದು ಹೆಸರು. ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಎತ್ತರದ ಉಪಗ್ರಹದ ಮೂಲಕ ಬರುವ ಸಂಪರ್ಕ ಎಷ್ಟೇ ಅಗಲವಾಗಿದ್ದರೂ ಪ್ರಶ್ನೆ ಹೋಗಿ ಉತ್ತರ ಬರಲು ಅರ್ಧ ಸೆಕೆಂಡಿನಷ್ಟು ಕಾಲ ಬೇಕೇ ಬೇಕು. ಚಲನಚಿತ್ರ ನೋಡುವವನಿಗೆ ಇದು ತೊಡಕಲ್ಲ. ಎದುರುಬದುರು ಮಾತನಾಡುವವನಿಗೆ ತೊಡಕು.

ಕಾಲುವೆಯ ಹೋಲಿಕೆ ಇನ್ನೂ ಒಂದು ಸತ್ಯವನ್ನು ಕಾಣಿಸುತ್ತದೆ. ಅಚ್ಚುಕಟ್ಟಿನ ರೈತರೆಲ್ಲರೂ ಬಲ್ಲಂತೆ, ತೂಬಿನ ಬಳಿ ತುಂಬಿ ಹರಿದ ನೀರು ಕೊನೆಯ ಗದ್ದೆಯನ್ನು ಅಷ್ಟೇ ಸಮೃದ್ಧವಾಗಿ ಮುಟ್ಟುವುದಿಲ್ಲ. ಎಡಿಎಸ್‌ಎಲ್‌ನಲ್ಲಿ ಮನೆಯು ವಿನಿಮಯ ಕೇಂದ್ರದಿಂದ ದೂರವಾದಷ್ಟೂ ವೇಗ ಇಳಿಯುತ್ತದೆ. ಒಂದೇ ದಾರಿಯನ್ನು ಹಲವು ಮನೆಗಳು ಹಂಚಿಕೊಂಡಾಗ ಸಂಜೆಯ ಹೊತ್ತಿನಲ್ಲಿ ಪ್ರತಿಯೊಬ್ಬರ ಪಾಲೂ ತಗ್ಗುತ್ತದೆ. ಮನೆಯೊಳಗಿನ ದಪ್ಪ ಗೋಡೆಗಳು ವೈ-ಫೈ ಅಲೆಗಳನ್ನು ಕುಂದಿಸುತ್ತವೆ. ಜಾಹೀರಾತಿನಲ್ಲಿ ‘ವರೆಗೆ’ ಎಂಬ ಸಣ್ಣ ಪದವೊಂದು ದೊಡ್ಡ ಅಂಕಿಯ ಪಕ್ಕದಲ್ಲಿ ಅಡಗಿರುತ್ತದೆ. ‘100 ಮೆಗಾಬಿಟ್‌ವರೆಗೆ’ ಎಂದರೆ ಅದು ತೂಬಿನ ಅಳತೆ. ಗದ್ದೆಗೆ ಬಂದ ನೀರಿನ ಅಳತೆಯಲ್ಲ. ಬರುವ ದಾರಿ ಅಗಲವಾಗಿದ್ದು, ಕಳುಹಿಸುವ ದಾರಿ ಕಿರಿದಾಗಿರುವುದೂ ಉಂಟು. ಪಾಠವನ್ನು ಕೇಳುವುದಕ್ಕೆ ಮೊದಲನೆಯದು ಬೇಕು. ಉತ್ತರ ಬರೆದು ಶಿಕ್ಷಕರಿಗೆ ಕಳುಹಿಸುವುದಕ್ಕೆ ಎರಡನೆಯದು.

ಆದುದರಿಂದ ಸಂಪರ್ಕವನ್ನು ಅಳೆಯಬೇಕಾದುದು ಕೊನೆಯ ಗದ್ದೆಯಲ್ಲಿ. ಈ ಮಾತು ಕೊಳ್ಳುವವನಿಗೆ ಎಷ್ಟು ಅನ್ವಯಿಸುತ್ತದೆಯೋ ಸರ್ಕಾರಕ್ಕೂ ಅಷ್ಟೇ ಅನ್ವಯಿಸುತ್ತದೆ. 2004ರ ಬ್ರಾಡ್‌ಬ್ಯಾಂಡ್ ನೀತಿಯು ಸೆಕೆಂಡಿಗೆ ಕನಿಷ್ಠ 256 ಕಿಲೋಬಿಟ್ ಇದ್ದರೆ ಅದು ಬ್ರಾಡ್‌ಬ್ಯಾಂಡ್ ಎಂದಿತು. 2013ರಲ್ಲಿ ಆ ಕನಿಷ್ಠ ಮಟ್ಟ 512 ಕಿಲೋಬಿಟ್‌ಗೆ ಏರಿತು. 2023ರಲ್ಲಿ ಅದು 2 ಮೆಗಾಬಿಟ್ ಆಯಿತು. ಹತ್ತೊಂಬತ್ತು ವರ್ಷಗಳಲ್ಲಿ ಎಂಟು ಪಟ್ಟು. ಇದೇ ಅವಧಿಯಲ್ಲಿ ನಗರಗಳಲ್ಲಿ ಮಾರಾಟವಾಗುವ ವೇಗ ನೂರಾರು ಪಟ್ಟು ಬೆಳೆದಿದೆ. ಗರಿಷ್ಠದ ಓಟ ಮಾರುಕಟ್ಟೆಯದು. ಕನಿಷ್ಠದ ಕಾವಲು ಸಮಾಜದ್ದು. ಆ ಕಾವಲು ಹಿಂದೆ ಬಿದ್ದರೆ ಅದರ ಫಲವನ್ನು ಉಣ್ಣುವವರು ಕೊನೆಯ ಗದ್ದೆಯವರು.

2020 ಮತ್ತು 2021ರಲ್ಲಿ ಸಾಂಕ್ರಾಮಿಕದ ಕಾರಣ ಶಾಲೆಗಳು ಮುಚ್ಚಿ, ಪಾಠಗಳು ಅಂತರಜಾಲಕ್ಕೆ ಬಂದಾಗ ಇದು ಎಲ್ಲರ ಕಣ್ಣಿಗೂ ಬಿದ್ದಿತು. ಬೆಂಗಳೂರಿನ ಅನೇಕ ಮನೆಗಳಲ್ಲಿ ಮಕ್ಕಳು ಕೊಠಡಿಯಲ್ಲಿ ಕುಳಿತೇ ಪಾಠ ಕೇಳಿದರು. ಮಲೆನಾಡಿನಲ್ಲಿಯೂ ಕರಾವಳಿಯ ಒಳನಾಡಿನಲ್ಲಿಯೂ ಮಕ್ಕಳು ಮಳೆಯಲ್ಲಿ ಗುಡ್ಡ ಹತ್ತಿ, ರಸ್ತೆಬದಿಯಲ್ಲಿ ಕೊಡೆ ಹಿಡಿದು ಕುಳಿತು, ಸಂಕೇತ ಸಿಕ್ಕಷ್ಟು ಹೊತ್ತು ಪಾಠ ಕೇಳಿದರು. ಪಠ್ಯವೊಂದೇ, ಪರೀಕ್ಷೆಯೊಂದೇ, ಆದರೆ ಕಾಲುವೆ ಒಂದೇ ಆಗಿರಲಿಲ್ಲ. ಅದಕ್ಕೆ ಮುನ್ನವೇ, 2019ರಲ್ಲಿ, ಕೇರಳದ ಉಚ್ಚ ನ್ಯಾಯಾಲಯವು ಅಂತರಜಾಲವನ್ನು ಬಳಸುವ ಹಕ್ಕು ಶಿಕ್ಷಣದ ಹಕ್ಕಿನಲ್ಲಿ ಅಡಕವಾಗಿದೆಯೆಂದು ತೀರ್ಪಿತ್ತಿತ್ತು. ಹಕ್ಕೆಂದು ಒಪ್ಪಿದ ಮೇಲೆ ಅದಕ್ಕೊಂದು ಅಳತೆ ಇರಲೇಬೇಕು. ಅಳತೆಯಿಲ್ಲದ ಹಕ್ಕು ಕಾಗದದ ಮೇಲಿನ ನೀರು.

ಹಳ್ಳಿಗಳಿಗೆ ವೇಗ ದುಬಾರಿ, ಅಲ್ಲಿಗೆ ಕೆಲಸ ನಡೆಯುವಷ್ಟಿದ್ದರೆ ಸಾಕು ಎಂದು ವಾದಿಸುವವರಿದ್ದಾರೆ. ಅವರು ಕಿತ್ತೂರಿನ ಕಡೆಗೊಮ್ಮೆ ನೋಡಬೇಕು. 1986ರಲ್ಲಿ ಸಿ-ಡಾಟ್ ಸಂಸ್ಥೆ ರೂಪಿಸಿದ ಮೊದಲ ಗ್ರಾಮೀಣ ಸ್ವಯಂಚಾಲಿತ ದೂರವಾಣಿ ವಿನಿಮಯ ಕೇಂದ್ರ ಕಾರ್ಯಾರಂಭ ಮಾಡಿದ್ದು ಆ ಊರಿನಲ್ಲಿ. ಹವಾನಿಯಂತ್ರಣವಿಲ್ಲದೆ ಬಿಸಿಲು ಧೂಳುಗಳನ್ನು ತಾಳಿ ನಿಲ್ಲುವಂತೆ ಆ ಯಂತ್ರವನ್ನು ಕಟ್ಟಿದ್ದರು. ನಗರಕ್ಕೆ ಮಾಡಿದುದರಲ್ಲಿ ಉಳಿದುದನ್ನು ಹಳ್ಳಿಗೆ ಕೊಡದೆ, ಹಳ್ಳಿಯನ್ನೇ ಅಳತೆಗೋಲಾಗಿ ಇಟ್ಟುಕೊಂಡು ಯಂತ್ರವನ್ನು ರೂಪಿಸಿದ್ದರಿಂದ ದೂರವಾಣಿ ಹಳ್ಳಿಗಳನ್ನು ಸೇರುವ ದಾರಿ ಸುಗಮವಾಯಿತು. 2011ರಲ್ಲಿ ಮಂಜೂರಾಗಿ ಮುಂದೆ ಭಾರತ್‌ನೆಟ್ ಎಂದು ಹೆಸರಾದ ಯೋಜನೆ ಗ್ರಾಮ ಪಂಚಾಯಿತಿಗಳವರೆಗೆ ಗಾಜಿನ ಎಳೆಯನ್ನು ಒಯ್ಯುವ ಉದ್ದೇಶದ್ದು. ಎಳೆ ಪಂಚಾಯಿತಿಯ ಕಟ್ಟಡವನ್ನು ಮುಟ್ಟಿತೆಂದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಅಲ್ಲಿಂದ ಶಾಲೆಗೂ ಮನೆಗೂ ಎಷ್ಟು ಬಿಟ್‌ಗಳು ಹರಿದವೆಂಬುದೇ ಅದರ ಸಾಫಲ್ಯದ ಒರೆಗಲ್ಲು.

ಇನ್ನು ಕೆಲವರು, ನಿಧಾನವಾಗಿದ್ದ ಕಾಲವೇ ಲೇಸು, ಈಗಿನ ವೇಗ ಮಕ್ಕಳ ಗಮನವನ್ನು ಕೆಡಿಸಿತು ಎನ್ನುತ್ತಾರೆ. ಈ ಆತಂಕ ನಿರಾಧಾರವಾದುದಲ್ಲ. ಆದರೆ ಗದ್ದೆಯಲ್ಲಿ ಕಳೆ ಬೆಳೆಯಿತೆಂದು ಕಾಲುವೆಯನ್ನು ಮುಚ್ಚುವುದುಂಟೆ? ಕಳೆ ಕೀಳುವುದು ಬೇಸಾಯಗಾರನ ವಿವೇಕಕ್ಕೆ ಬಿಟ್ಟದ್ದು. ನೀರು ಒದಗಿಸುವುದು ಊರಿನ ಹೊಣೆ. ಅಮೆರಿಕದ ಎಒಎಲ್ ಸಂಸ್ಥೆ ತನ್ನ ಡಯಲ್-ಅಪ್ ಸೇವೆಯನ್ನು 2025ರ ಸೆಪ್ಟೆಂಬರ್ 30ರಂದು ನಿಲ್ಲಿಸಿತು. ಕಳೆದುಹೋದ ಆ ನಿಧಾನಕ್ಕಾಗಿ ಹಂಬಲಿಸುವುದರಿಂದ ಪ್ರಯೋಜನವಿಲ್ಲ.

ವಿದ್ಯಾರ್ಥಿಗಳು ಮಾಡಬಹುದಾದ ಕೆಲಸ ಸಣ್ಣದು, ಆದರೆ ಸಾರವತ್ತಾದುದು. ಮೊಬೈಲ್ ಸಂಪರ್ಕದ ವೇಗವನ್ನು ಅಳೆಯಲೆಂದು ಭಾರತದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2016ರಲ್ಲಿ ‘ಮೈಸ್ಪೀಡ್’ ಎಂಬ ಸಾಧನವನ್ನು ಹೊರತಂದಿತು. ಅಂಥ ಸಾಧನದಿಂದ ಬೆಳಿಗ್ಗೆ, ಮಧ್ಯಾಹ್ನ, ಸಂಜೆಗಳಲ್ಲಿ ತಮ್ಮ ಊರಿನ ವೇಗವನ್ನು ಅಳೆದು, ಬರುವ ವೇಗ, ಕಳುಹಿಸುವ ವೇಗ, ವಿಳಂಬ ಎಂಬ ಮೂರು ಕಲಮುಗಳಲ್ಲಿ ಬರೆದಿಟ್ಟರೆ ಒಂದು ತಿಂಗಳಲ್ಲಿ ಊರಿನ ಕಾಲುವೆಯ ನಿಜಸ್ಥಿತಿ ಕಾಗದದ ಮೇಲೆ ಮೂಡುತ್ತದೆ. ಗ್ರಾಮಸಭೆಯಲ್ಲಿ ‘ನೆಟ್ ಸರಿಯಿಲ್ಲ’ ಎಂದು ಗೊಣಗುವ ನೂರು ಜನರ ಮಾತಿಗಿಂತ ಅಂಥ ಒಂದು ಹಾಳೆಗೆ ತೂಕ ಹೆಚ್ಚು. ಅಳೆಯಲು ಬಲ್ಲವನೇ ಕೇಳಲು ಬಲ್ಲವನು.