‘ಎಲ್ಲವನ್ನೂ ಒಪ್ಪಿಕೊಳ್ಳಿ’ ಒತ್ತಿದರೆ ಸಾಕೇ? ಕಟ್ಟಡದ ಕಾಗದ ಹಳತಾಗುವ ಕಥೆ

ಅಮೆರಿಕದ ಯಾವುದೋ ಊರಿನಲ್ಲಿ ಒಂದು ಶಾಲೆಯ ಕಟ್ಟಡ ಏಳುತ್ತಿದೆ ಎಂದುಕೊಳ್ಳಿ. ಕರಾರಿನ ಭಾಗವಾದ ನೂರಾರು ಪುಟಗಳ ದಾಖಲೆಯಲ್ಲಿ ಒಂದು ಸಾಲಿದೆ: ಸಿಮೆಂಟು ಎಎಸ್‌ಟಿಎಂ ಸಿ150, ಟೈಪ್ 1 ಆಗಿರತಕ್ಕದ್ದು. ಅಡಿಪಾಯಕ್ಕೆ ಕಾಂಕ್ರೀಟು ಹಾಕಲು ವಾರವಷ್ಟೇ ಇರುವಾಗ ಕಾಂಕ್ರೀಟು ಪೂರೈಸುವ ಕಂಪನಿ ಹೇಳುತ್ತದೆ, ‘ಆ ಸಿಮೆಂಟು ಈಗ ನಮಗೆ ಬರುವುದೇ ಇಲ್ಲ, ಟೈಪ್ 1ಎಲ್ ಮಾತ್ರ ಇದೆ.’ ಗುತ್ತಿಗೆದಾರ ಒಪ್ಪಿಗೆ ಕೇಳಿ ಪತ್ರ ಹಾಕುತ್ತಾನೆ. ಎಂಜಿನಿಯರ್ ಉತ್ತರಿಸಲು ಒಂದಷ್ಟು ದಿನ ತೆಗೆದುಕೊಳ್ಳುತ್ತಾರೆ. ಅಷ್ಟರಲ್ಲಿ ಪಂಪು, ಯಂತ್ರಗಳ ಬಾಡಿಗೆ ಓಡುತ್ತಲೇ ಇರುತ್ತದೆ. ಇಲ್ಲಿ ಯಾರೂ ಕಳಪೆ ಮಾಲು ತಂದಿಲ್ಲ, ಯಾರೂ ಮೋಸ ಮಾಡಿಲ್ಲ. ಹಳತಾಗಿದ್ದದ್ದು ಆ ಒಂದು ಸಾಲು ಮಾತ್ರ.

ಈ ಸಾಲನ್ನು ಯಾರೂ ಕೂತು ಹೊಸದಾಗಿ ಬರೆದಿರುವುದಿಲ್ಲ. ಅದು ಒಂದು ತಂತ್ರಾಂಶದ ಟೆಂಪ್ಲೇಟಿನಿಂದ, ಅಂದರೆ ಸಿದ್ಧ ನಮೂನೆಯಿಂದ ಬಂದಿರುತ್ತದೆ. ಆ ತಂತ್ರಾಂಶ ‘ನಮೂನೆ ಪರಿಷ್ಕರಣೆಯಾಗಿದೆ, ನೋಡಿ’ ಎಂದು ಸೂಚನೆ ಕೊಡುತ್ತಲೂ ಇರುತ್ತದೆ. ‘ಹಾಗಾದರೆ ಅಪ್‌ಡೇಟ್ ಒತ್ತಿದ್ದರೆ ಮುಗಿಯುತ್ತಿತ್ತಲ್ಲ’ ಎಂದು ನಮಗೂ ಮೊದಲು ಅನ್ನಿಸಿತು. ಫೋನಿನ ಆ್ಯಪ್‌ಗಳ ಅಭ್ಯಾಸ ಅದು. ಕಟ್ಟಡದ ವಿಷಯದಲ್ಲಿ ಈ ಎಣಿಕೆ ಯಾಕೆ ಸರಿಹೊಂದುವುದಿಲ್ಲ ಎಂಬುದನ್ನು ನೋಡೋಣ.

ನಕ್ಷೆ ಹೇಳದ್ದನ್ನು ಹೇಳುವ ಪುಸ್ತಕ

ಕಟ್ಟಡ ಎಂದೊಡನೆ ನಮಗೆ ನೆನಪಾಗುವುದು ನಕ್ಷೆ. ಗೋಡೆ ಎಲ್ಲಿ, ಎಷ್ಟು ದಪ್ಪ, ಬಾಗಿಲು ಯಾವ ಕಡೆಗೆ ಎಂಬುದನ್ನು ನಕ್ಷೆ ತೋರಿಸುತ್ತದೆ. ಆದರೆ ಇಟ್ಟಿಗೆ ಎಂಥದ್ದು, ಗಾರೆಯ ಮಿಶ್ರಣ ಯಾವುದು, ಕಂಬಿಯ ಗುಣಮಟ್ಟವೇನು, ಎಷ್ಟು ದಿನ ನೀರುಣಿಸಬೇಕು, ಯಾವ ಪರೀಕ್ಷೆ ಮಾಡಿಸಬೇಕು, ಪರೀಕ್ಷೆಯಲ್ಲಿ ಸೋತರೆ ಏನು ಮಾಡಬೇಕು ಎಂಬುದೆಲ್ಲ ಇರುವುದು ಸ್ಪೆಸಿಫಿಕೇಷನ್ ಎಂಬ ಬರಹದಲ್ಲಿ. ಕಚೇರಿಗಳಲ್ಲಿ ಅದಕ್ಕೆ ಸ್ಪೆಕ್ ಎನ್ನುತ್ತಾರೆ. ಜಗಳವಾದಾಗ ಎರಡೂ ಕಡೆಯ ವಕೀಲರು ತೆರೆಯುವ ಪುಸ್ತಕವೂ ಇದೇ.

ಪ್ರತಿ ಕಟ್ಟಡಕ್ಕೂ ಇದನ್ನು ಮೊದಲಿನಿಂದ ಬರೆಯುವುದು ಆಗದ ಮಾತು. ಅಮೆರಿಕದ ವಾಸ್ತುಶಿಲ್ಪಿಗಳ ಸಂಸ್ಥೆ 1969ರಲ್ಲಿ ಮಾಸ್ಟರ್‌ಸ್ಪೆಕ್ ಎಂಬ ಸಿದ್ಧ ಪಠ್ಯವನ್ನು ಶುರು ಮಾಡಿತು. ಬ್ರಿಟನ್ನಿನಲ್ಲಿ 1973ರಲ್ಲಿ ಎನ್‌ಬಿಎಸ್ ಬಂತು. ಆಗ ಕಾಗದದ ಹಾಳೆಗಳು, ಈಗ ಅಂತರ್ಜಾಲದ ತಂತ್ರಾಂಶ. ವಿಷಯವಾರು ಅಧ್ಯಾಯಗಳು ಸಿದ್ಧವಾಗಿರುತ್ತವೆ, ಪ್ರತಿ ಅಧ್ಯಾಯಕ್ಕೂ ಒಂದು ಸಂಖ್ಯೆ. ಅಮೆರಿಕದ ಕ್ರಮದಲ್ಲಿ 033000 ಎಂದರೆ ಸ್ಥಳದಲ್ಲೇ ಹಾಕುವ ಕಾಂಕ್ರೀಟು, 042000 ಎಂದರೆ ಇಟ್ಟಿಗೆ ಮತ್ತು ಬ್ಲಾಕ್ ಕಟ್ಟುವ ಕೆಲಸ. ಒಳಗೆ ಆಯ್ಕೆಗಳು ಚೌಕ ಕಂಸಗಳಲ್ಲಿ ಇರುತ್ತವೆ. ಬರೆಯುವವರು ಬೇಕಾದ್ದನ್ನು ಉಳಿಸಿ ಬೇಡದ್ದನ್ನು ಅಳಿಸುತ್ತಾರೆ. (ಈ ಸಂಖ್ಯೆಗಳೂ ಸ್ಥಿರವಲ್ಲ. 2004ರಲ್ಲಿ ಅಮೆರಿಕದ ವರ್ಗೀಕರಣ 16 ವಿಭಾಗಗಳಿಂದ 50ಕ್ಕೆ ಹಿಗ್ಗಿ, ಐದು ಅಂಕೆಯ ಸಂಖ್ಯೆಗಳು ಆರು ಅಂಕೆಯವಾದವು. ಎಷ್ಟೋ ಕಚೇರಿಗಳಲ್ಲಿ ಹಳೆಯ ಸಂಖ್ಯೆ ಬಾಯಿಪಾಠವಾಗಿದ್ದವರು ಆಗ ಒದ್ದಾಡಿರಬೇಕು.)

ಅಪ್‌ಡೇಟ್ ಎಂದರೆ ಇಲ್ಲಿ ಏನು?

ಒಂದೇ ಅಧ್ಯಾಯಕ್ಕೆ ಸಾಮಾನ್ಯವಾಗಿ ಮೂರು ಪ್ರತಿಗಳಿರುತ್ತವೆ. ತಂತ್ರಾಂಶ ಕಂಪನಿಯ ಮೂಲ ನಮೂನೆ ಒಂದು. ಅದನ್ನು ತನ್ನ ಅನುಭವಕ್ಕೆ ತಕ್ಕಂತೆ ತಿದ್ದಿ ಕಚೇರಿ ಇಟ್ಟುಕೊಂಡದ್ದು ಇನ್ನೊಂದು. ಅದರಿಂದ ಒಂದು ನಿರ್ದಿಷ್ಟ ಕಟ್ಟಡಕ್ಕಾಗಿ ತೆಗೆದದ್ದು ಮೂರನೆಯದು. ಮಾನಕಗಳು, ಕಾನೂನು, ಸಾಮಗ್ರಿಗಳು ಬದಲಾದಾಗ ಕಂಪನಿ ಮೊದಲನೆಯದನ್ನು ತಿದ್ದುತ್ತದೆ. ಉಳಿದೆರಡು ತಾವಾಗಿಯೇ ಬದಲಾಗುವಂತಿಲ್ಲ, ಬದಲಾಗಲೂಬಾರದು. ಅದಕ್ಕೇ ತಂತ್ರಾಂಶ ಹೊಸ ಪಠ್ಯವನ್ನೂ ಹಳೆಯದನ್ನೂ ಎದುರುಬದುರು ಇಟ್ಟು, ಸೇರಿದ್ದನ್ನು ಒಂದು ಬಣ್ಣದಲ್ಲಿ, ಹೋದದ್ದನ್ನು ಇನ್ನೊಂದರಲ್ಲಿ ತೋರಿಸಿ ಕೇಳುತ್ತದೆ: ಒಪ್ಪುತ್ತೀರೋ, ಬಿಡುತ್ತೀರೋ? ಪಕ್ಕದಲ್ಲೇ ‘ಎಲ್ಲವನ್ನೂ ಒಪ್ಪಿಕೊಳ್ಳಿ’ ಎಂಬ ಗುಂಡಿಯೂ ಇರಬಹುದು.

ಸಿಮೆಂಟಿನ ಉದಾಹರಣೆಗೆ ಹಿಂತಿರುಗೋಣ, ಏಕೆಂದರೆ ಇಡೀ ಸಮಸ್ಯೆ ಅದರಲ್ಲೇ ಇದೆ.

ಮಾಮೂಲಿ ಪೋರ್ಟ್‌ಲ್ಯಾಂಡ್ ಸಿಮೆಂಟಿನ ತಿರುಳು ಕ್ಲಿಂಕರ್. ಸುಣ್ಣಕಲ್ಲು ಮತ್ತು ಜೇಡಿಯನ್ನು ಸುಮಾರು 1450 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟಾಗ ಸಿಗುವ ಗಟ್ಟಿ ಉಂಡೆಗಳು ಇವು. ಇಂಗಾಲದ ಡೈಆಕ್ಸೈಡ್ ಎರಡು ಕಡೆಯಿಂದ ಬರುತ್ತದೆ, ಉರಿಸುವ ಇಂಧನದಿಂದ ಮತ್ತು ಸುಣ್ಣಕಲ್ಲು ಒಡೆಯುವುದರಿಂದ. ಕ್ಲಿಂಕರಿನ ಒಂದು ಪಾಲನ್ನು ತೆಗೆದು, ಆ ಜಾಗಕ್ಕೆ ಸುಡದ ಸುಣ್ಣಕಲ್ಲನ್ನೇ ನುಣ್ಣಗೆ ಅರೆದು ಹಾಕಿದರೆ ಆ ಹೊರೆ ಇಳಿಯುತ್ತದೆ. ಅಮೆರಿಕದ ಸಿ150 ಮಾನಕ 2004ರಿಂದ ಶೇ. 5ರವರೆಗೆ ಹೀಗೆ ಬೆರೆಸಲು ಬಿಟ್ಟಿದೆ. 2012ರಲ್ಲಿ ಸಿ595 ಎಂಬ ಇನ್ನೊಂದು ಮಾನಕದಲ್ಲಿ ಟೈಪ್ 1ಎಲ್ ಸೇರಿತು, ಅದರಲ್ಲಿ ಸುಣ್ಣಕಲ್ಲು ಶೇ. 5ಕ್ಕಿಂತ ಹೆಚ್ಚು, 15ರವರೆಗೆ ಇರಬಹುದು. ಇಂಗಾಲದ ಉಳಿತಾಯ ಸುಮಾರು ಶೇ. 10ರವರೆಗೆ. ಮೊದಮೊದಲು ಕೇಳುವವರು ಕಡಿಮೆಯಿದ್ದರು. 2020ರ ಬಳಿಕ ಕಾರ್ಖಾನೆಗಳು ಒಂದರ ಹಿಂದೊಂದು ಪೂರ್ತಿಯಾಗಿ ಇದಕ್ಕೆ ಹೊರಳಿದವು.

ಅಂದರೆ ಮಾನಕ ಬದಲಾದದ್ದು 2012ರಲ್ಲಿ, ಮಾರುಕಟ್ಟೆ ಬದಲಾದದ್ದು ಎಂಟು–ಹತ್ತು ವರ್ಷ ತಡವಾಗಿ. ಇದು ಗಮನಿಸಬೇಕಾದ ವಿಷಯ. 2013ರಲ್ಲಿ ಅಪ್‌ಡೇಟ್ ಕಡೆಗಣಿಸಿದವರಿಗೆ ಏನೂ ಆಗಲಿಲ್ಲ, 2016ರಲ್ಲೂ ಆಗಲಿಲ್ಲ. ಕಡೆಗಣಿಸಿದರೂ ನಡೆಯುತ್ತದೆ ಎಂಬ ನಂಬಿಕೆ ಬೇರೂರಲು ಬೇಕಾದಷ್ಟು ಸಮಯ ಸಿಕ್ಕಿತು.

ಈಗ ಯಾರೋ ಎಚ್ಚೆತ್ತು 033000 ಅಧ್ಯಾಯವನ್ನು ಪರಿಷ್ಕರಿಸಿದರು ಎನ್ನೋಣ. ಸಿಮೆಂಟು ಕಾಂಕ್ರೀಟಿನಲ್ಲಷ್ಟೇ ಇರುವುದಿಲ್ಲ. ಇಟ್ಟಿಗೆ ಕಟ್ಟುವ ಗಾರೆಯ ಅಧ್ಯಾಯದಲ್ಲಿದೆ, ಗಿಲಾವಿನ ಅಧ್ಯಾಯದಲ್ಲಿದೆ, ಹೊರಗಿನ ಕಾಂಕ್ರೀಟು ಹಾಸಿನ 321313ರಲ್ಲೂ ಇದೆ. ಒಂದನ್ನು ತಿದ್ದಿ ಉಳಿದವನ್ನು ಬಿಟ್ಟರೆ ಒಂದೇ ಕರಾರು ಒಂದೇ ವಸ್ತುವಿನ ಬಗ್ಗೆ ಎರಡು ಮಾತು ಆಡುತ್ತದೆ. ಪೂರ್ತಿ ಹಳತಾದ ಸ್ಪೆಕ್ಕಿಗಿಂತ ಅರೆಬರೆ ಹೊಸದಾದ ಸ್ಪೆಕ್ಕು ಹೆಚ್ಚು ತೊಂದರೆ ಕೊಡುತ್ತದೆ ಎಂಬುದು ನಮ್ಮ ಅಭಿಪ್ರಾಯ. ಪೂರ್ತಿ ಹಳತಾದದ್ದು ಒಂದೇ ನೋಟಕ್ಕೆ ಗೊತ್ತಾಗುತ್ತದೆ, ಅರೆಬರೆಯದ್ದು ಗೊತ್ತಾಗುವುದಿಲ್ಲ.

‘ಎಲ್ಲವನ್ನೂ ಒಪ್ಪಿಕೊಳ್ಳಿ’ ಒತ್ತುವವರ ಅಪಾಯ ಬೇರೆ ಬಗೆಯದು. ಕೆಲವು ನೆಲಗಳಲ್ಲಿ ಸಲ್ಫೇಟ್ ಲವಣ ಹೆಚ್ಚಿರುತ್ತದೆ. ಅದು ಕಾಂಕ್ರೀಟಿನೊಳಗೆ ಇಳಿದು, ಅಲ್ಲಿನ ಸಂಯುಕ್ತಗಳೊಡನೆ ಸೇರಿ ಉಬ್ಬಿ, ನಿಧಾನವಾಗಿ ಬಿರುಕು ಹುಟ್ಟಿಸುತ್ತದೆ. ಅಲ್ಲಿಗೆಂದೇ ಹಳೆಯ ಕ್ರಮದಲ್ಲಿ ಟೈಪ್ 5 ಎಂಬ, ಸಲ್ಫೇಟನ್ನು ಚೆನ್ನಾಗಿ ತಡೆಯುವ ಸಿಮೆಂಟು ಇದೆ. ಹೊಸ ಕ್ರಮದಲ್ಲಿ ಅದೇ ಗುಣ ಬೇಕಿದ್ದರೆ ಬರೀ 1ಎಲ್ ಎಂದರೆ ಸಾಲದು, ಅದರ ಮುಂದೆ ಎಚ್‌ಎಸ್ ಎಂಬ ಎರಡಕ್ಷರ ಇರಬೇಕು. ಕಚೇರಿಯ ಹಿರಿಯರೊಬ್ಬರು ಎಂದೋ ಮಣ್ಣಿನ ವರದಿ ನೋಡಿ ಟೈಪ್ 5 ಎಂದು ಉಳಿಸಿದ್ದ ಸಾಲಿನ ಮೇಲೆ ಹೊಸ ನಮೂನೆಯ ಸಾಮಾನ್ಯ ಆಯ್ಕೆ ಬಂದು ಕೂತರೆ, ಅವರ ನಿರ್ಧಾರ ಸದ್ದಿಲ್ಲದೆ ಅಳಿಸಿಹೋಗುತ್ತದೆ. ಪರದೆಯ ಮೇಲೆ ಕಾಣುವುದು ‘ಈ ಅಧ್ಯಾಯ ಈಗ ಹೊಸದು’ ಎಂಬ ಗುರುತು ಮಾತ್ರ. ಬಿರುಕು ಕಾಣಲು ವರ್ಷಗಳೇ ಬೇಕು.

ಹೊಸದೇ ಸರಿ ಎಂಬ ಇನ್ನೊಂದು ತಪ್ಪು

ಮಾನಕ ಹೊಸದಾದರೆ ನಡೆಯುತ್ತಿರುವ ಕೆಲಸಕ್ಕೂ ಅದೇ ಅನ್ವಯ ಎಂದು ಹಲವರು ತಿಳಿಯುತ್ತಾರೆ. ಕರಾರು ಹಾಗೆ ನಡೆಯುವುದಿಲ್ಲ. ಮಾಸ್ಟರ್‌ಸ್ಪೆಕ್‌ನ ಸಾಮಾನ್ಯ ಷರತ್ತೇ ಹೇಳುವಂತೆ, ಬೇರೆ ರೀತಿ ನಮೂದಿಸದಿದ್ದರೆ ಕರಾರಿನ ದಾಖಲೆಗಳ ದಿನಾಂಕದಂದು ಜಾರಿಯಲ್ಲಿದ್ದ ಮಾನಕವೇ ಲೆಕ್ಕಕ್ಕೆ ಬರುತ್ತದೆ. ಗುತ್ತಿಗೆದಾರ ದರ ಕೊಟ್ಟದ್ದು ಆ ಪಠ್ಯ ನೋಡಿ. ಸಹಿಯಾದ ಮೇಲೆ ಪಠ್ಯವನ್ನು ಒಂದು ಕ್ಲಿಕ್ಕಿನಲ್ಲಿ ಬದಲಿಸುವಂತಿಲ್ಲ. ಬದಲಿಸಲೇಬೇಕಾದರೆ ಅದಕ್ಕೆ ಬೇರೆ ಆದೇಶ ಹೊರಡಬೇಕು, ಬೆಲೆ ಮತ್ತು ಅವಧಿಯ ಚೌಕಾಸಿ ಆಗಬೇಕು. ಟೆಂಡರ್ ಕರೆದು ದರ ಬರುವ ಮುಂಚೆ ಆದರೆ ತಿದ್ದುಪಡಿ ಪ್ರಕಟಣೆ ಹೊರಡಿಸಬಹುದು. ಹಾಗಾಗಿ ಸೂಚನೆ ಕಂಡೊಡನೆ ಕೇಳಬೇಕಾದ ಮೊದಲ ಪ್ರಶ್ನೆ ಪಠ್ಯದ್ದಲ್ಲ, ಕೆಲಸ ಯಾವ ಹಂತದಲ್ಲಿದೆ ಎಂಬುದು.

ಇದಕ್ಕೂ ಮೀರಿದ ಸಂದರ್ಭಗಳಿವೆ. ಲಂಡನ್ನಿನ ಗ್ರೆನ್‌ಫೆಲ್ ಟವರ್‌ನಲ್ಲಿ 2017ರ ಜೂನ್ 14ರಂದು ಹತ್ತಿದ ಬೆಂಕಿ ಹೊರಗೋಡೆಯ ಹೊದಿಕೆಯ ಮೂಲಕ ಮೇಲೇರಿ 72 ಜನ ಸತ್ತರು. ಮರುವರ್ಷದ ಡಿಸೆಂಬರಿನಲ್ಲಿ, ಇಂಗ್ಲೆಂಡಿನ 18 ಮೀಟರ್ ಮೀರಿದ ವಸತಿ ಕಟ್ಟಡಗಳ ಹೊರಗೋಡೆಗಳಲ್ಲಿ ಉರಿಯುವ ವಸ್ತುಗಳನ್ನು ನಿಷೇಧಿಸಲಾಯಿತು. ಅಲ್ಲಿನ ಹಳೆಯ ಸ್ಪೆಕ್ಕುಗಳಲ್ಲಿ ‘ಕ್ಲಾಸ್ 0’ ಎಂಬ ಪದ ಹೇರಳ. ಸೊನ್ನೆ ಎಂದರೆ ಉರಿಯುವುದೇ ಇಲ್ಲ ಎಂಬ ಭಾವ ಬರುತ್ತದೆ. ಆದರೆ ಅದು ಮೇಲ್ಮೈಯಲ್ಲಿ ಬೆಂಕಿ ಹರಡುವುದರ ಪರೀಕ್ಷೆಗಳಿಂದ ಬಂದ ದರ್ಜೆ, ಇಡೀ ವಸ್ತು ಉರಿಯುವುದಿಲ್ಲ ಎಂಬ ಖಾತರಿಯಲ್ಲ. ಈ ಹಳೆಯ ದರ್ಜೆಗಳನ್ನು ಇಂಗ್ಲೆಂಡಿನ ಅಧಿಕೃತ ಮಾರ್ಗದರ್ಶಿಯಿಂದ 2025ರ ಮಾರ್ಚ್ 2ರಿಂದ ಕೈಬಿಡಲಾಗಿದೆ. ಸಂವಹನ ಓದಿದ ನಮಗೆ ಇದು ಪಾಠಪುಸ್ತಕಕ್ಕೆ ಹಾಕಬಹುದಾದ ಪದ ಅನ್ನಿಸುತ್ತದೆ. ನಮೂನೆಯಿಂದ ಇಂಥ ಒಂದು ಪದ ಹೋದಾಗ ‘ಪದವಷ್ಟೇ ಬದಲಾಗಿದೆ’ ಎಂದು ಮುಂದೆ ಸಾಗುವುದು ಸುಲಭ.

ಕಣ್ಣು ಯಾಕೆ ಜಾರುತ್ತದೆ?

ಸೋಮಾರಿತನದಿಂದಲ್ಲ. ಆಸ್ಪತ್ರೆಗಳಲ್ಲಿ ವೈದ್ಯರು ಔಷಧಿ ಬರೆಯುವಾಗ ಕಂಪ್ಯೂಟರು ಎಚ್ಚರಿಕೆ ಕೊಡುತ್ತದೆ: ಇದು ಅದರ ಜೊತೆ ಬೇಡ, ಪ್ರಮಾಣ ಹೆಚ್ಚಾಯಿತು, ಹೀಗೆ. 2006ರಲ್ಲಿ ಪ್ರಕಟವಾದ ಒಂದು ಅಧ್ಯಯನ ವಿಮರ್ಶೆಯ ಪ್ರಕಾರ, ಔಷಧ ಸುರಕ್ಷತೆಯ ಇಂಥ ಎಚ್ಚರಿಕೆಗಳಲ್ಲಿ ಶೇ. 49ರಿಂದ 96ರಷ್ಟನ್ನು ವೈದ್ಯರು ದಾಟಿ ಹೋಗುತ್ತಿದ್ದರು. ಬಹುಪಾಲು ಎಚ್ಚರಿಕೆಗಳು ಆ ರೋಗಿಗೆ ಸಂಬಂಧಿಸಿದವಾಗಿರದಿದ್ದರೆ ಸಂಬಂಧಿಸಿದ್ದೂ ಅದೇ ರಾಶಿಯಲ್ಲಿ ಮುಚ್ಚಿಹೋಗುತ್ತದೆ. ಇದನ್ನು ಎಚ್ಚರಿಕೆಯ ದಣಿವು ಎನ್ನುತ್ತಾರೆ.

ನಮೂನೆಯ ಪರಿಷ್ಕರಣೆಯಲ್ಲೂ ಇದೇ ಕಥೆ. ಒಂದು ಅಲ್ಪವಿರಾಮ ಹೋದದ್ದು, ತಯಾರಕ ಕಂಪನಿಯ ಹೆಸರು ಬದಲಾದದ್ದು, ಬೆಂಕಿಯ ದರ್ಜೆ ಬದಲಾದದ್ದು ಮೂರೂ ಒಂದೇ ಬಣ್ಣದಲ್ಲಿ ಕಾಣುತ್ತವೆ. ಬೆಂಗಳೂರಿನಲ್ಲಿ ಕೂತು ಅಮೆರಿಕ, ಬ್ರಿಟನ್ನಿನ ಕಟ್ಟಡಗಳ ದಾಖಲೆ ಸಿದ್ಧಪಡಿಸುವ ಎಂಜಿನಿಯರುಗಳು ಎಷ್ಟೋ ಜನ ಇದ್ದಾರೆ. ಮಣ್ಣಿನ ವರದಿ ನೋಡಿದವರು ಒಂದು ದೇಶದಲ್ಲಿ, ಬಣ್ಣದ ಸಾಲುಗಳನ್ನು ಒಪ್ಪುವವರು ಇನ್ನೊಂದು ದೇಶದಲ್ಲಿ ಇದ್ದಾಗ, ಆ ಸಾಲು ಯಾಕೆ ಹಾಗಿತ್ತು ಎಂದು ಕೇಳಲು ಪಕ್ಕದ ಮೇಜಿನಲ್ಲಿ ಯಾರೂ ಇರುವುದಿಲ್ಲ.

ನಮ್ಮಲ್ಲಿ ಹೇಗೆ?

ನಮ್ಮ ಸರ್ಕಾರಿ ಕೆಲಸಗಳಲ್ಲಿ ತಂತ್ರಾಂಶಕ್ಕಿಂತ ಮುಂಚೆಯೇ ಇದಕ್ಕೊಂದು ಕಾಗದದ ರೂಪವಿತ್ತು. ಕೇಂದ್ರ ಲೋಕೋಪಯೋಗಿ ಇಲಾಖೆ, ಅಂದರೆ ಸಿಪಿಡಬ್ಲ್ಯುಡಿ, ಸ್ಪೆಸಿಫಿಕೇಷನ್ ಸಂಪುಟಗಳನ್ನು ಪ್ರಕಟಿಸುತ್ತದೆ, ಆಮೇಲಿನ ಬದಲಾವಣೆಗಳಿಗೆ ತಿದ್ದುಪಡಿ ಚೀಟಿ ಹೊರಡಿಸುತ್ತದೆ. ‘2019ರ ಸ್ಪೆಸಿಫಿಕೇಷನ್ ಮತ್ತು ಈವರೆಗಿನ ತಿದ್ದುಪಡಿ ಚೀಟಿಗಳು’ ಎಂಬಂಥ ಮಾತು ಟೆಂಡರುಗಳಲ್ಲಿ ಸಾಮಾನ್ಯ. ಚೀಟಿಯನ್ನು ಸರಿಯಾದ ಪುಟಕ್ಕೆ ಅಂಟಿಸುವುದು ಓದುವವರ ಪಾಲಿಗೆ ಬಿಟ್ಟದ್ದು.

ನಮ್ಮ ಸಿಮೆಂಟಿನಲ್ಲೂ ಇಂಥದ್ದೊಂದು ಆಗಿದೆ. 43 ಗ್ರೇಡಿಗೆ ಐಎಸ್ 8112, 53 ಗ್ರೇಡಿಗೆ ಐಎಸ್ 12269 ಎಂಬ ಬೇರೆ ಬೇರೆ ಮಾನಕಗಳಿದ್ದವು. 2015ರಲ್ಲಿ ಅವೆಲ್ಲ ಐಎಸ್ 269ರಲ್ಲಿ ವಿಲೀನವಾದವು. ಗ್ರೇಡುಗಳು ಉಳಿದವು, ಸಂಖ್ಯೆಗಳು ಹೋದವು. ಹಳೆಯ ಕಡತದಿಂದ ನಕಲು ಮಾಡಿದ ಟೆಂಡರಿನಲ್ಲಿ 12269 ಹಾಗೇ ಉಳಿದರೆ, ಚೀಲದ ಮೇಲಿನ ಸಂಖ್ಯೆಗೂ ಕಾಗದದ ಸಂಖ್ಯೆಗೂ ತಾಳೆಯಾಗುವುದಿಲ್ಲ.

ಇನ್ನು ಮರಳು. ಕರ್ನಾಟಕದಲ್ಲಿ ಮನೆ ಕಟ್ಟಿಸಿದವರೆಲ್ಲ ಈ ಚರ್ಚೆ ಕೇಳಿರುತ್ತಾರೆ: ಎಂ-ಸ್ಯಾಂಡ್ ಹಾಕಬಹುದೋ, ಹೊಳೆ ಮರಳೇ ಬೇಕೋ? ‘ಕೋಡ್‌ನಲ್ಲಿ ಎಂ-ಸ್ಯಾಂಡ್ ಇಲ್ಲ’ ಎಂಬ ಮಾತೂ ಬಂದುಹೋಗುತ್ತದೆ. ಅದು ನಿಜವಲ್ಲ. 1970ರ ಐಎಸ್ 383ರಲ್ಲೇ ಕಲ್ಲು ಪುಡಿ ಮಾಡಿ ತೆಗೆದ ಮರಳಿಗೆ ಜಾಗವಿತ್ತು. 150 ಮೈಕ್ರಾನ್ ಜರಡಿಯಲ್ಲಿ ಇಳಿಯುವ ಪುಡಿ ಅದರಲ್ಲಿ ಶೇ. 20ರವರೆಗೆ ಇರಬಹುದು ಎಂಬ ರಿಯಾಯಿತಿಯೂ ಇತ್ತು. ಆದರೆ ಆ ಮಾನಕದ ಹೆಸರಿನಲ್ಲೇ ‘ನೈಸರ್ಗಿಕ ಮೂಲಗಳಿಂದ’ ಎಂಬ ಮಾತಿತ್ತು. ಗೊಂದಲ ಬೆಳೆಯಲು ಅದೂ ಒಂದು ಕಾರಣವಾಗಿರಬಹುದು ಎಂದು ನಮ್ಮ ಊಹೆ. 2016ರ ಪರಿಷ್ಕರಣೆಯಲ್ಲಿ ಹೆಸರಿನಿಂದ ಆ ಪದಗಳು ಹೋದವು. ಲೋಹದ ಕಿಟ್ಟದಿಂದ, ಒಡೆದ ಹಳೆಯ ಕಾಂಕ್ರೀಟಿನಿಂದ ಮಾಡಿದ ಜಲ್ಲಿ-ಮರಳಿಗೂ ಮಿತಿ ಹಾಕಿ ಅವಕಾಶ ಕೊಟ್ಟರು. ಹಳೆಯ ಕಾಂಕ್ರೀಟಿನ ಜಲ್ಲಿಯನ್ನು ಕಂಬಿಯಿಲ್ಲದ ಕಾಂಕ್ರೀಟಿನಲ್ಲಿ ಶೇ. 25ರವರೆಗೆ, ಕಂಬಿ ಕಾಂಕ್ರೀಟಿನಲ್ಲಾದರೆ ಎಂ25 ದರ್ಜೆಯವರೆಗೆ ಮಾತ್ರ, ಶೇ. 20ರವರೆಗೆ ಬಳಸಬಹುದು. ಇಂಥ ಬದಲಾವಣೆಯನ್ನು ನಮೂನೆಗೆ ಒಪ್ಪಿಕೊಳ್ಳುವವರು ‘ಒಡೆದ ಕಾಂಕ್ರೀಟು ಬಳಸಬಹುದು’ ಎಂಬುದನ್ನಷ್ಟೇ ಸೇರಿಸಿ ‘ಎಂ25ರವರೆಗೆ’ ಎಂಬುದನ್ನು ಬಿಟ್ಟರೆ ಅದು ಪರಿಷ್ಕರಣೆಯಾಗುವುದಿಲ್ಲ, ಹೊಸ ತಪ್ಪಾಗುತ್ತದೆ.

ಪರಿಷ್ಕರಣೆಯನ್ನು ಸರಿಯಾಗಿ ಮಾಡುವ ಕಚೇರಿಗಳಲ್ಲಿ ಗುಟ್ಟೇನೂ ಇಲ್ಲ. ಬದಲಾವಣೆಗಳನ್ನು ಮೊದಲು ಕಚೇರಿಯ ಪ್ರತಿಯಲ್ಲಿ ನೋಡುತ್ತಾರೆ, ಅದೇ ವಸ್ತು ಬೇರೆ ಯಾವ ಅಧ್ಯಾಯಗಳಲ್ಲಿ, ನಕ್ಷೆಯ ಯಾವ ಟಿಪ್ಪಣಿಯಲ್ಲಿ ಇದೆ ಎಂದು ಹುಡುಕುತ್ತಾರೆ. ಆಮೇಲಷ್ಟೇ ಟೆಂಡರಿಗೆ ಹೋಗದ ಕೆಲಸಗಳಿಗೆ ಒಯ್ಯುತ್ತಾರೆ. ಒಪ್ಪದೆ ಬಿಟ್ಟದ್ದಕ್ಕೂ ಪಕ್ಕದಲ್ಲಿ ಒಂದು ಟಿಪ್ಪಣಿ ಇಡುತ್ತಾರೆ. ನಮಗೆ ಹಿಡಿಸಿದ್ದು ಈ ಕೊನೆಯ ಅಭ್ಯಾಸ. ‘ಟೈಪ್ 5 ಹಾಗೇ ಉಳಿಸಿದೆ, ಮಣ್ಣಿನಲ್ಲಿ ಸಲ್ಫೇಟ್ ಇದೆ, ವರದಿ ನೋಡಿ’ ಎಂಬ ಒಂದು ಸಾಲು ಅಲ್ಲಿದ್ದರೆ, ಮುಂದಿನ ಸಲ ಅದೇ ಬಣ್ಣದ ಗುರುತು ಕಂಡಾಗ ಕೂತವರು ಬೇರೆಯವರಾಗಿದ್ದರೂ ಅವರ ಬೆರಳು ಗುಂಡಿಯ ಮೇಲೆ ಒಂದು ಕ್ಷಣ ನಿಲ್ಲುತ್ತದೆ.