ಯಂತ್ರ ಓದಿದರೆ ಸಾಕೇ?

ಕಳೆದ ತಿಂಗಳು ನಮ್ಮ ಗ್ರಂಥಾಲಯದ ಕನ್ನಡ ಮತ್ತು ಉರ್ದು ಪುಸ್ತಕಗಳ ಪಟ್ಟಿಯನ್ನು ಎಕ್ಸ್‌ಎಂಎಲ್ ಕಡತವಾಗಿ ಬರೆಯುವ ಒಂದು ಪೈಥಾನ್ ಪ್ರೋಗ್ರಾಂ ಮಾಡಿದೆ. ಎಕ್ಸ್‌ಎಂಎಲ್ ಎಂದರೆ ಪ್ರತಿ ಮಾಹಿತಿಯನ್ನೂ ಅದರ ಹೆಸರಿನ ಟ್ಯಾಗ್‌ಗಳ ನಡುವೆ ಇಡುವ ಕ್ರಮ. ಪ್ರೋಗ್ರಾಂ ಎರರ್ ಇಲ್ಲದೆ ಓಡಿತು. ಖುಷಿಯಿಂದ ಪ್ರಿಂಟ್ ತೆಗೆದು ಗ್ರಂಥಪಾಲಕರಿಗೆ ಕೊಟ್ಟೆ. ಅವರು ಹಾಳೆ ತಿರುಗಿಸಿ ನೋಡಿ, "ಇದರಲ್ಲಿ ಪುಸ್ತಕ ಎಲ್ಲಿದೆಯಮ್ಮಾ?" ಎಂದರು.

ಇಡೀ ಪಟ್ಟಿ ಒಂದೇ ಸಾಲಾಗಿತ್ತು. 'ಕ' ಇರಬೇಕಾದಲ್ಲಿ &#3221; ಎಂದಿತ್ತು. ಉರ್ದುವಿನ ಅಲಿಫ್ ಇರಬೇಕಾದಲ್ಲಿ &#1575; ಎಂದಿತ್ತು.

ಕಂಪ್ಯೂಟರ್ ತಪ್ಪು ಮಾಡಿರಲಿಲ್ಲ. ನಾನು ಬಳಸಿದ ಎಲಿಮೆಂಟ್‌ಟ್ರೀ ಮಾಡ್ಯೂಲ್, ನಾವು ಬೇರೆ ಹೇಳದಿದ್ದರೆ, ಆಸ್ಕಿ ಎನ್‌ಕೋಡಿಂಗ್‌ನಲ್ಲಿ ಬರೆಯುತ್ತದೆ. ಇಂಗ್ಲಿಷಿಗೆ ಅದು ಸಾಕು. ನಮ್ಮ ಅಕ್ಷರಗಳು ಮಾತ್ರ ಸಂಖ್ಯೆಗಳಾಗುತ್ತವೆ. ಯಂತ್ರ ಆ ಸಂಖ್ಯೆಗಳನ್ನು ಮತ್ತೆ ಅಕ್ಷರಗಳಾಗಿಯೇ ಓದಿಕೊಳ್ಳುತ್ತದೆ. "ಮಾಹಿತಿ ಸರಿಯಿದೆಯಲ್ಲ, ಬಿಡೇ" ಎಂದಳು ಗೆಳತಿ. ನಾನು ಒಪ್ಪುವುದಿಲ್ಲ. ಪಟ್ಟಿಯಲ್ಲಿನ ತಪ್ಪು ಹುಡುಕಬೇಕಾದವರು ಮನುಷ್ಯರು. ಓದಲಾಗದ್ದನ್ನು ಪರಿಶೀಲಿಸುವುದು ಹೇಗೆ?

ಸರಿಪಡಿಸಲು ಎರಡೇ ಸಾಲು ಸಾಕಾಯಿತು. ಮೊದಲು ಪೈಥಾನ್ 3.9ರಲ್ಲಿ ಬಂದ ಇಂಡೆಂಟ್ ಫಂಕ್ಷನ್ ಕರೆದೆ. ನಂತರ ಬರೆಯುವಾಗ ಎನ್‌ಕೋಡಿಂಗ್ ಯುಟಿಎಫ್-8 ಎಂದು ಹೇಳಿದೆ. ಪ್ರತಿ ಪುಸ್ತಕವೂ ಹೊಸ ಸಾಲಿಗೆ ಬಂತು; ಶೀರ್ಷಿಕೆ, ಲೇಖಕರ ಹೆಸರು ಎರಡು ಸ್ಪೇಸ್ ಒಳಗೆ ಸರಿದವು. ನಾಲ್ಕು ಸ್ಪೇಸ್ ಬೇಕೆಂದರೆ ಅದನ್ನೂ ಹೇಳಬಹುದು. ಹೊಸ ಪ್ರಿಂಟ್ ನೋಡಿದ ಐದೇ ನಿಮಿಷದಲ್ಲಿ, ಒಂದು ಪುಸ್ತಕ ಎರಡು ಸಲ ಸೇರಿದೆಯೆಂದು ಗ್ರಂಥಪಾಲಕರು ತೋರಿಸಿದರು. ಆ ತಪ್ಪು ಹಳೆಯ ಪ್ರಿಂಟಿನಲ್ಲೂ ಇತ್ತು. ಯಾರಿಗೂ ಕಂಡಿರಲಿಲ್ಲ, ಅಷ್ಟೇ.

ಎಲ್ಲ ಕಡತವನ್ನೂ ಹೀಗೆ ಜೋಡಿಸಿ ಎನ್ನುತ್ತಿಲ್ಲ. ಎಕ್ಸ್‌ಎಂಎಲ್‌ನಲ್ಲಿ ಖಾಲಿ ಜಾಗವೂ ಕಡತದ ಭಾಗವೇ. ಡಿಜಿಟಲ್ ಸಹಿಯಾದ ಮೇಲೆ ಸ್ಪೇಸ್ ಸೇರಿಸಿದರೆ ಸಹಿ ತಾಳೆಯಾಗದೇ ಹೋಗಬಹುದು. ಯಂತ್ರದಿಂದ ಯಂತ್ರಕ್ಕಷ್ಟೇ ಹೋಗುವ ದೊಡ್ಡ ಕಡತಕ್ಕೆ ಅದು ಬರೀ ಭಾರ. ಇದನ್ನು ಓದುವವರು ಯಾರು ಎಂದು ಮೊದಲು ಕೇಳಿಕೊಳ್ಳಬೇಕು.

ಲ್ಯಾಬ್‌ನಲ್ಲಿ ನಾವು "ಔಟ್‌ಪುಟ್ ಬಂತಾ?" ಎಂದಷ್ಟೇ ಕೇಳುತ್ತೇವೆ. ಇನ್ನು ಮೇಲೆ "ಓದಲು ಬರುತ್ತದಾ?" ಎಂದೂ ಕೇಳೋಣ. ಉಪನ್ಯಾಸಕರೂ ಅದಕ್ಕೆ ಒಂದು ಅಂಕ ಇಟ್ಟರೆ ಒಳ್ಳೆಯದು. ನಮ್ಮ ಕನ್ನಡ, ಉರ್ದು ಅಕ್ಷರಗಳು ಹಾಳೆಯ ಮೇಲೆ ಅಕ್ಷರಗಳಾಗಿಯೇ ಉಳಿಯಬೇಕಾದರೆ, ಆ ಒಂದು ಸಾಲನ್ನು ನಾವೇ ಬರೆಯಬೇಕು.